ನೇಮ್‌ಸ್ಪೇಸ್ ಗಡಿ ಎಲ್ಲಿ ಹಾಕಬೇಕು?

ಎಕ್ಸ್‌ಎಂಎಲ್ ಸ್ಕೀಮಾ, ಅಂದರೆ ದಾಖಲೆಯಲ್ಲಿ ಯಾವ ಎಲಿಮೆಂಟ್ ಎಲ್ಲಿ ಬರಬೇಕು ಅನ್ನುವ ನಿಯಮಗಳ ಫೈಲ್, ಬರೆಯುವ ಗೆಳೆಯರು ದಯವಿಟ್ಟು ಇದನ್ನು ಓದಿ. ನೇಮ್‌ಸ್ಪೇಸ್ ಅಂದರೆ ಎಲಿಮೆಂಟ್ ಹೆಸರುಗಳು ಒಂದಕ್ಕೊಂದು ಗೊಂದಲವಾಗದಂತೆ ಗುಂಪು ಮಾಡುವ ಗುರುತು. ಟೀಮಿಗೊಂದು ಫೋಲ್ಡರ್, ಫೋಲ್ಡರಿಗೊಂದು ನೇಮ್‌ಸ್ಪೇಸ್ ಅಂತ ಒಡೆದಿಟ್ಟ ಸ್ಕೀಮಾಗಳನ್ನು ನೋಡಿ ನೋಡಿ ಬೇಸರವಾಗಿದೆ. ಫೈಲ್ ಒಡೆಯುವುದೇ ಬೇರೆ, ನೇಮ್‌ಸ್ಪೇಸ್ ಒಡೆಯುವುದೇ ಬೇರೆ. ಫೈಲ್ ದೊಡ್ಡದಾಯ್ತಾ? ಅದೇ ನೇಮ್‌ಸ್ಪೇಸ್‌ನಲ್ಲಿ ಇನ್ನೊಂದು ಫೈಲ್ ಮಾಡಿ, ಇನ್‌ಕ್ಲೂಡ್ ಹಾಕಿ, ಮುಗೀತು. ಇಂಪೋರ್ಟ್ ಇರುವುದು ಬೇರೆ ನೇಮ್‌ಸ್ಪೇಸ್‌ನ ವಸ್ತು ಬೇಕಾದಾಗ.

ಗಡಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಭಾಗವನ್ನು ಬದಲಾಯಿಸುವವರು ಯಾರು, ಯಾವಾಗ?

ಉದಾಹರಣೆಗೆ ಓಯಾಸಿಸ್ ಅನ್ನುವ ಮಾನದಂಡ ಸಂಸ್ಥೆಯವರ ಯುಬಿಎಲ್ (ಇನ್‌ವಾಯ್ಸ್, ಆರ್ಡರ್ ಥರದ ವ್ಯಾಪಾರ ದಾಖಲೆಗಳ ಎಕ್ಸ್‌ಎಂಎಲ್ ಮಾದರಿ) ನೋಡಿ, ಯುರೋಪಿನ ಪೆಪ್ಪೋಲ್ ಜಾಲದ ಇನ್‌ವಾಯ್ಸ್‌ಗಳು ಇದನ್ನೇ ನಂಬಿಕೊಂಡಿವೆ. ಇನ್‌ವಾಯ್ಸ್‌ಗೆ ಒಂದು ನೇಮ್‌ಸ್ಪೇಸ್, ಆರ್ಡರ್‌ಗೆ ಇನ್ನೊಂದು. ದಿನಾಂಕ, ಮೊತ್ತ, ಐಡಿ ಥರದ ಬಿಡಿ ಎಲಿಮೆಂಟ್‌ಗಳು ಸಿಬಿಸಿ ಅನ್ನುವ ನೇಮ್‌ಸ್ಪೇಸ್‌ನಲ್ಲಿ, ವಿಳಾಸ, ಪಾರ್ಟಿ (ಕೊಳ್ಳುವವರು, ಮಾರುವವರು) ಥರ ಒಳಗೆ ಇನ್ನಷ್ಟು ಎಲಿಮೆಂಟ್ ಇರುವವು ಸಿಎಸಿ ಅನ್ನುವ ನೇಮ್‌ಸ್ಪೇಸ್‌ನಲ್ಲಿ. ಹಾಗಾಗಿ ವಿಳಾಸ ಓದುವ ಕೋಡ್ ಒಮ್ಮೆ ಬರೆದರೆ ಎರಡಕ್ಕೂ ಆಯಿತು. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಆ ನೇಮ್‌ಸ್ಪೇಸ್‌ಗಳ ಕೊನೆಯಲ್ಲಿರುವ 2. ಯುಬಿಎಲ್ 2.0 ಬಂದದ್ದು 2006ರಲ್ಲಿ, 2.3 ಬಂದದ್ದು 2021ರಲ್ಲಿ, ಆ 2 ಮಾತ್ರ ಹಾಗೇ ಇದೆ, ಹಳೆಯ ಇನ್‌ವಾಯ್ಸ್ ಹೊಸ ಸ್ಕೀಮಾದಲ್ಲೂ ಪಾಸಾಗುತ್ತದೆ.

ಬ್ಯಾಂಕುಗಳು ಸಂದೇಶ ಕಳಿಸಲು ಬಳಸುವ ಐಎಸ್‌ಒ 20022 ಮಾನದಂಡ ಇದಕ್ಕೆ ತದ್ವಿರುದ್ಧ. ಪ್ರತಿ ಸಂದೇಶಕ್ಕೂ, ಅದರ ಪ್ರತಿ ಆವೃತ್ತಿಗೂ ಹೊಸ ನೇಮ್‌ಸ್ಪೇಸ್, ಇಂಪೋರ್ಟ್ ಇಲ್ಲವೇ ಇಲ್ಲ. ಒಂದೇ ಫೈಲ್ ಇಟ್ಟುಕೊಂಡು ಸಂದೇಶ ಪರೀಕ್ಷಿಸಬಹುದು, ಅದು ನಿಜಕ್ಕೂ ಅನುಕೂಲ. ಆದರೆ ಆ ಸ್ಕೀಮಾಗಳಿಂದ ಜಾವಾ ಕ್ಲಾಸ್ ಜನರೇಟ್ ಮಾಡಿ ನೋಡಿ, ಅದೇ ಅಂಚೆ ವಿಳಾಸದ ಕ್ಲಾಸ್ ಪ್ರತಿ ಪ್ಯಾಕೇಜಿನಲ್ಲೂ ಹುಟ್ಟಿರುತ್ತದೆ, ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವ ಕೋಡ್ ಬರೆಯುತ್ತಾ ಕೂರಬೇಕು. ಚಿಕ್ಕ ಟೀಮುಗಳಿಗೆ ಇದು ಖಂಡಿತ ಬೇಡ.

ಇನ್ನೊಂದು ಮಾತು. ಸ್ಕೀಮಾದಲ್ಲಿ ಎಲಿಮೆಂಟ್‌ಫಾರ್ಮ್‌ಡೀಫಾಲ್ಟ್ (ಒಳಗಿನ ಎಲಿಮೆಂಟ್‌ಗಳು ನೇಮ್‌ಸ್ಪೇಸ್‌ಗೆ ಸೇರುತ್ತವೋ ಇಲ್ಲವೋ ಅಂತ ಹೇಳುವ ಸೆಟ್ಟಿಂಗ್) ಏನೂ ಬರೆಯದಿದ್ದರೆ ಅದು ಅನ್‌ಕ್ವಾಲಿಫೈಡ್. ಅಂದರೆ ರೂಟ್, ಅಂದರೆ ಎಲ್ಲಕ್ಕೂ ಹೊರಗಿನ ಎಲಿಮೆಂಟ್, ಮಾತ್ರ ನೇಮ್‌ಸ್ಪೇಸ್‌ನಲ್ಲಿ, ಒಳಗೆ ಲೋಕಲ್ ಆಗಿ ಬರೆದ ಎಲಿಮೆಂಟ್‌ಗಳು ಯಾವುದರಲ್ಲೂ ಇಲ್ಲ. ನಮ್ಮ ಯುಪಿಐ ಸಂದೇಶಗಳಲ್ಲೂ ರೂಟ್‌ಗೆ ಮಾತ್ರ ಪ್ರಿಫಿಕ್ಸ್ (ಹೆಸರಿನ ಮುಂದೆ ಬರುವ, ನೇಮ್‌ಸ್ಪೇಸ್ ಸೂಚಿಸುವ ಗುರುತು) ಇರುವುದನ್ನು ನೋಡಿರುತ್ತೀರಿ. ಇಂಥ ಕಡೆ ಪ್ರಿಫಿಕ್ಸ್ ಯಾಕೆ ಬೇಕು ಅಂತ ತೆಗೆದು ಡೀಫಾಲ್ಟ್ ನೇಮ್‌ಸ್ಪೇಸ್ ಹಾಕಿದರೆ ಒಳಗಿನ ಎಲಿಮೆಂಟ್‌ಗಳೂ ಅದಕ್ಕೆ ಸೇರಿಬಿಡುತ್ತವೆ, ವ್ಯಾಲಿಡೇಟರ್ ಒಪ್ಪುವುದಿಲ್ಲ. ಹಲವು ನೇಮ್‌ಸ್ಪೇಸ್ ಬೆರೆಸುವವರು ಎಲ್ಲಾ ಫೈಲ್‌ಗಳಲ್ಲೂ ಕ್ವಾಲಿಫೈಡ್ ಅಂತಲೇ ಬರೆಯಿರಿ. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಬಿಟ್ಟರೆ ಓದುವವರಿಗೆ ತಲೆನೋವು.

ಬೇರೆಯವರು ಏನೋ ಸೇರಿಸಬೇಕಾಗುತ್ತದೆ ಅನ್ನಿಸಿದರೆ ಜಾಗ ಈಗಲೇ ಬಿಡಿ. ಜಿಪಿಎಸ್ ದಾರಿಗಳನ್ನು ದಾಖಲಿಸುವ ಎಕ್ಸ್‌ಎಂಎಲ್ ಮಾದರಿಯಾದ, 2004ರ ಜಿಪಿಎಕ್ಸ್ 1.1ರಲ್ಲಿ ಎಕ್ಸ್‌ಟೆನ್ಶನ್ಸ್ ಅನ್ನುವ ಎಲಿಮೆಂಟ್ ಇದೆ. ಬೇರೆ ಯಾವ ನೇಮ್‌ಸ್ಪೇಸ್‌ನಿಂದ ಬಂದರೂ ಸರಿ, ಸ್ಕೀಮಾ ಸಿಕ್ಕರೆ ಪರೀಕ್ಷಿಸು, ಇಲ್ಲದಿದ್ದರೆ ಬಿಡು, ಇಷ್ಟೇ ನಿಯಮ. ಜಿಪಿಎಸ್ ವಾಚ್ ಮಾಡುವ ಗಾರ್ಮಿನ್‌ನವರು ಹೃದಯ ಬಡಿತದ ಅಂಕಿಯನ್ನು ತಮ್ಮ ನೇಮ್‌ಸ್ಪೇಸ್‌ನಲ್ಲಿ ಅಲ್ಲೇ ಇಡುತ್ತಾರೆ. ಆ ಅಂಕಿ ಅರ್ಥವಾಗದ ಆ್ಯಪ್ ಕೂಡ ಓಡಿದ ದಾರಿಯನ್ನು ಸರಿಯಾಗಿ ತೋರಿಸುತ್ತದೆ, ಜಿಪಿಎಕ್ಸ್ ಸ್ಕೀಮಾದಲ್ಲಿ ಒಂದು ಸಾಲನ್ನೂ ಯಾರೂ ತಿದ್ದಬೇಕಾಗಿಲ್ಲ.