ಟೈಗರ್ ಸಾಕು, ಒಂದು ಸ್ಟುವರ್ಟ್ ಮಾಡಿ

ಪ್ಲಾಸ್ಟಿಕ್ ಟ್ಯಾಂಕ್ ಮಾಡೆಲ್ ಮಾಡುವ ನಮ್ಮ ಕಡೆಯ ಗೆಳೆಯರಿಗೆ ಒಂದು ಮಾತು. ಬೈಯುವವರು ಬೈಯಿರಿ, ಪರವಾಗಿಲ್ಲ. ಜರ್ಮನ್ ಟೈಗರ್ ಮಾಡಿದ್ದು ಸಾಕು.

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಯಾರಿಸಿದ ಟೈಗರ್-1 ಒಟ್ಟು 1,350ರ ಆಸುಪಾಸು. ಅದೇ ಹೊತ್ತಿಗೆ ಅಮೆರಿಕದವರು 49,000ಕ್ಕೂ ಜಾಸ್ತಿ ಶೆರ್ಮನ್ ಮಾಡಿದ್ದರು. ನಮ್ಮವರ ಶೋಕೇಸ್ ನೋಡಿದರೆ ಲೆಕ್ಕ ಉಲ್ಟಾ. ಯಾರ ಮನೆಗೆ ಹೋದರೂ ಟೈಗರ್. ಮೈಸೂರು, ಮಂಡ್ಯ, ಬೆಂಗಳೂರಿನ ಶೋಕೇಸ್‌ಗಳಲ್ಲಿ ಇರುವುದನ್ನೆಲ್ಲ ಒಟ್ಟು ಮಾಡಿದ್ದರೆ ಹಿಟ್ಲರ್ ಇನ್ನೂ ಒಂದೆರಡು ವರ್ಷ ಎಳೆಯುತ್ತಿದ್ದನೇನೋ.

ಟೈಗರ್ ಮಾಡುವವರೆಲ್ಲ ನಾಜಿ ಅಭಿಮಾನಿಗಳು ಅಂತ ನಾನು ಹೇಳುತ್ತಿಲ್ಲ. ಅದು ನೋಡೋಕೆ ಚೆನ್ನಾಗಿದೆ, ಅಷ್ಟೇ. ಚೌಕ ಮೈ, ಅಗಲ ಟ್ರ್ಯಾಕ್, ಉದ್ದಕ್ಕೆ ಚಾಚಿದ 88 ಎಂಎಂ ಗನ್. ಡಬ್ಬದ ಮೇಲಿನ ಚಿತ್ರ ನೋಡಿದರೇ ಕೈ ಪರ್ಸಿಗೆ ಹೋಗುತ್ತೆ. ಆದರೆ ಯಾರ ಟ್ಯಾಂಕ್, ಯಾರ ಊರಿನ ಮೇಲೆ ಹರಿಯಿತು ಅಂತ ಒಂದು ಸಲವೂ ಯೋಚಿಸದೆ, ಹಿಟ್ಲರನ ಎಸ್‌ಎಸ್ ದಳದ ಗುರುತನ್ನು ಚಿಮುಟದಲ್ಲಿ ಹಿಡಿದು ನಾಜೂಕಾಗಿ ಅಂಟಿಸಿ 'ಹೇಗಿದೆ ಸಾರ್' ಅಂತ ಫೋಟೊ ಕಳಿಸಿದರೆ ನನಗೆ ಏನು ಹೇಳಬೇಕೋ ತಿಳಿಯಲ್ಲ. ಚೆನ್ನಾಗಿದೆ ಮಾರಾಯಾ. ಕೆಲಸ ಚೆನ್ನಾಗಿದೆ. ಅದರ ಮುಂದೆ?

'ನಮ್ಮ ಸೇನೆಯ ಟ್ಯಾಂಕ್ ಕಿಟ್ ಸಿಗಲ್ಲ' ಅನ್ನೋದು ಎಲ್ಲರ ಉತ್ತರ. ಅರ್ಧ ಸುಳ್ಳು. ಇಲ್ಲೇ ತಯಾರಾದ ವಿಜಯಂತ, ಅರ್ಜುನ್ ಥರದವು ಸುಲಭಕ್ಕೆ ಸಿಗುವುದಿಲ್ಲ, ಒಪ್ಪಿದೆ. ಪ್ಲಾಸ್ಟಿಕ್ ಅಚ್ಚು ಮಾಡುವುದನ್ನು ಕಲಿಸುವ ಸಿಪೆಟ್ ನಮ್ಮ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲೇ ಇದೆ, ಅಲ್ಲಿ ಕಲಿತ ಯಾರಾದರೂ ಪುಣ್ಯಾತ್ಮ ಒಂದು ದಿನ ಮನಸ್ಸು ಮಾಡಲಿ. ಆದರೆ ನಾವು ಯುದ್ಧ ಮಾಡಿದ್ದೆಲ್ಲ ಬಹುಪಾಲು ಹೊರಗಿನಿಂದ ಬಂದ ಟ್ಯಾಂಕ್‌ಗಳಲ್ಲಿ ತಾನೇ? ಸ್ಟುವರ್ಟ್, ಶೆರ್ಮನ್, ಸೆಂಚುರಿಯನ್, ಎಎಂಎಕ್ಸ್-13, ಪಿಟಿ-76, ಟಿ-55, ಟಿ-72. ಇವೆಲ್ಲದರ ಕಿಟ್ ಇದೆ, ಒಳ್ಳೆ ಕಿಟ್‌ಗಳೇ ಇವೆ. ಡಬ್ಬದ ಮೇಲೆ ಬೇರೆ ದೇಶದ ಬಾವುಟ ಇರುತ್ತೆ, ಒಳಗಿರುವ ಪ್ಲಾಸ್ಟಿಕ್ ಅದೇ. ಸಿಗದೇ ಇರುವುದು ಡೆಕಾಲ್, ಅಂದರೆ ಟ್ಯಾಂಕ್ ಮೇಲೆ ಅಂಟಿಸುವ ಗುರುತು, ನಂಬರ್ ಮಾತ್ರ. ಅದನ್ನು ಸೊನ್ನೆ ನಂಬರ್ ಬ್ರಶ್‌ನಲ್ಲಿ ಕೈಯಲ್ಲೇ ಬರೆಯಬಹುದು. ಇಲ್ಲಾಂದ್ರೆ ಡೆಕಾಲ್ ಪೇಪರ್ ತರಿಸಿ ಪ್ರಿಂಟ್ ಹಾಕಿಸಿ.

1971ರ ಡಿಸೆಂಬರ್ 16ರಂದು ಬಸಂತರ್ ಯುದ್ಧದಲ್ಲಿ ತೀರಿಕೊಂಡ ಅರುಣ್ ಖೇತರ್ಪಾಲ್ ಇದ್ದದ್ದು 'ಫಾಮಾಗುಸ್ತಾ' ಅನ್ನೋ ಹೆಸರಿನ ಸೆಂಚುರಿಯನ್‌ನಲ್ಲಿ. ವಯಸ್ಸು 21. ಪರಮವೀರ ಚಕ್ರ. ಅದೇ ವರ್ಷ ನವೆಂಬರ್‌ನಲ್ಲಿ ಪೂರ್ವ ಗಡಿಯ ಗರೀಬ್‌ಪುರದಲ್ಲಿ ನಮ್ಮ ಪಿಟಿ-76ಗಳು ಪಾಕಿಸ್ತಾನದ ಚಾಫಿ ಟ್ಯಾಂಕ್‌ಗಳನ್ನು ಎದುರಿಸಿದವು. ಈ ಮೂರು ಟ್ಯಾಂಕ್‌ಗಳ ಕಿಟ್ ಕೂಡ ಇದೆ. ಮತ್ತೆ ಏನು ನೆಪ?

ನಾನು ಆರಿಸಿದ್ದು ಸ್ಟುವರ್ಟ್, ಅಮೆರಿಕದಲ್ಲಿ ತಯಾರಾದ ಹಗುರ ಟ್ಯಾಂಕ್. ಇದರ ಕಥೆಯಲ್ಲಿ ನಮ್ಮ ಕಡೆಯವರೇ ಇದ್ದಾರೆ, ಅದಕ್ಕೆ.

1948. ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿತ್ತು. ಜೋಜಿಲಾ ಕಣಿವೆ ಎದುರಾಳಿಗಳ ಕೈಯಲ್ಲಿತ್ತು, ಲೇಹ್‌ಗೆ ರಸ್ತೆ ಬಂದ್. ಸುಮಾರು 11,500 ಅಡಿ ಎತ್ತರ. ಕಾಲಾಳುಗಳು ಸೆಪ್ಟೆಂಬರ್‌ನಲ್ಲಿ ನುಗ್ಗಿ ನೋಡಿದರು, ಆಗಲಿಲ್ಲ. ಚಳಿಗಾಲ ಹತ್ತಿರ ಬರುತ್ತಿತ್ತು. ಆಗ ಅಲ್ಲಿ ಡಿವಿಜನ್ ನಡೆಸುತ್ತಿದ್ದವರು ಮಡಿಕೇರಿಯ ತಿಮ್ಮಯ್ಯ. ಹೌದು, ಆಮೇಲೆ 1957ರಲ್ಲಿ ಸೇನಾ ಮುಖ್ಯಸ್ಥರಾದ ಅದೇ ಜನರಲ್ ತಿಮ್ಮಯ್ಯ. ಟ್ಯಾಂಕ್ ಹತ್ತಿಸೋಣ ಅಂದರು. ಹೇಸರಗತ್ತೆ ಓಡಾಡುವ ದಾರಿಯಲ್ಲಿ ಟ್ಯಾಂಕ್! ಬಾಲ್ಟಾಲ್‌ನಿಂದ ಮೇಲಕ್ಕೆ ಆ ದಾರಿಯನ್ನು ಕಡಿದು, ಒಡೆದು, ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳದವರು. ಇವರ ಮನೆ ಬೆಂಗಳೂರಿನ ಹಲಸೂರು ಕೆರೆ ಪಕ್ಕ, ಇವತ್ತಿಗೂ. ಹತ್ತಿದವು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಎಂ5 ಟ್ಯಾಂಕ್‌ಗಳು. ನವೆಂಬರ್ 1ರಂದು ಹಿಮದ ನಡುವೆ ಅವು ಕಣಿವೆಯೊಳಗೆ ಹೋಗಿ 37 ಎಂಎಂ ಗನ್ನಿನಿಂದ ಬಂಕರ್‌ಗಳಿಗೆ ಹೊಡೆಯೋಕೆ ಶುರು ಮಾಡಿದಾಗ ಎದುರಿದ್ದವರು ಕನಸಲ್ಲೂ ಇದನ್ನು ನೆನೆಸಿರಲಿಲ್ಲ. ಅದೇ ತಿಂಗಳು ದ್ರಾಸ್, ಆಮೇಲೆ ಕಾರ್ಗಿಲ್ ನಮ್ಮ ಕೈಗೆ ಬಂತು.

ನನ್ನನ್ನು ಹಿಡಿದದ್ದು ಇದರ ಹಿಂದಿನ ಭಾಗ. ಟ್ಯಾಂಕ್ ಬರುತ್ತಿದೆ ಅಂತ ಸುಳಿವು ಸಿಕ್ಕರೆ ಎಲ್ಲ ಕೆಟ್ಟಿತು. ಹಾಗಾಗಿ ಟರೆಟ್, ಅಂದರೆ ಗನ್ ಇರುವ ತಿರುಗೋ ತಲೆಯನ್ನೇ ಬಿಚ್ಚಿ ಟ್ಯಾಂಕ್‌ಗಳನ್ನು ಗುಟ್ಟಾಗಿ ಶ್ರೀನಗರದ ಕಡೆಗೆ ಸಾಗಿಸಿದರು. ನಾನು ಮಾಡಬೇಕು ಅಂದುಕೊಂಡಿದ್ದು ಆ ಸ್ಟುವರ್ಟ್. ತಲೆ ಇಲ್ಲದ, ಟಾರ್ಪಾಲ್ ಹೊದ್ದ, ಬೆಟ್ಟದ ದಾರಿಯಲ್ಲಿ ಹೋಗುತ್ತಿರುವ ಟ್ಯಾಂಕ್.

ಕಿಟ್ 1:35. ಈ ಅಳತೆಯ ಹಿಂದೆ ಒಂದು ಮಜಾ ಇದೆ. ಜಪಾನಿನ ತಮಿಯಾ ಕಂಪನಿ 1960ರ ದಶಕದ ಶುರುವಿನಲ್ಲಿ ಮೋಟಾರ್ ಇರುವ ಪ್ಯಾಂಥರ್ ಟ್ಯಾಂಕ್ ಕಿಟ್ ತಂದಿತು. ಒಳಗೆ ಎರಡು ಬ್ಯಾಟರಿ ಹಿಡಿಸಬೇಕಲ್ಲ, ಅದಕ್ಕೆ ತಕ್ಕ ಹಾಗೆ ಮೈ ಮಾಡಿದರು. ಆಮೇಲೆ ಅಳೆದು ನೋಡಿದರೆ ಸುಮಾರು 35ರಲ್ಲಿ ಒಂದು ಪಾಲು. ಇವತ್ತು ಲೋಕದ ತುಂಬ ಟ್ಯಾಂಕ್ ಮಾಡೆಲ್‌ಗಳಿಗೆ ಅದೇ ಅಳತೆ. ಸ್ಟುವರ್ಟ್ ಎಂ5ಎ1 ನಿಜದಲ್ಲಿ 4.84 ಮೀಟರ್ ಉದ್ದ, ಮಾಡೆಲ್‌ನಲ್ಲಿ 14 ಸೆಂಟಿಮೀಟರ್‌ಗೆ ಚೂರು ಕಡಿಮೆ. ಅಂಗೈ ಮೇಲೆ ಕೂರುತ್ತೆ. ಪಕ್ಕದಲ್ಲಿ ನಿಲ್ಲುವ ಸೈನಿಕ ಐದು ಸೆಂಟಿಮೀಟರ್.

ಜೋಡಿಸುವುದರ ಬಗ್ಗೆ ಜಾಸ್ತಿ ಕೊರೆಯಲ್ಲ. ಬಿಡಿಭಾಗಗಳನ್ನು ಸ್ಪ್ರೂನಿಂದ, ಅಂದರೆ ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ, ನಿಪ್ಪರ್‌ನಲ್ಲಿ ಕತ್ತರಿಸಿ, ಉಜ್ಜುಕಾಗದ ಹಾಕಿ, ಅಂಟಿಸಿ. ಅಂಟಿಸುವ ಸಿಮೆಂಟ್ ನಿಜಕ್ಕೂ ಅಂಟಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಭಾಗ ಬೆಸೆಯುತ್ತೆ. ಅದಕ್ಕೇ ಕಡಿಮೆ ಹಾಕಬೇಕು. ಮಿಕ್ಕ ಸ್ಪ್ರೂ ಎಸೆಯಬೇಡಿ. ಮೇಣದಬತ್ತಿ ಮೇಲೆ ಹಿಡಿದು ಮೆತ್ತಗಾದ ಮೇಲೆ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತೆ, ಆಂಟೆನಾಗೆ ಅದೇ ಬೇಕು. ಎಳೆಯುವ ಹಗ್ಗಕ್ಕೆ, ಅಂದರೆ ಟೋ ಕೇಬಲ್‌ಗೆ, ಮನೆಯ ಹಳೆ ವೈರಿನ ಒಳಗಿನ ತಾಮ್ರದ ಎಳೆಗಳನ್ನು ಹುರಿ ಮಾಡಿ ಹಾಕಿ. ಕಿಟ್‌ನಲ್ಲಿ ಬರುವ ದಾರ ನಾರು ನಾರಾಗಿ ಎದ್ದು ಕಾಣುತ್ತೆ, ಉಕ್ಕಿನ ಹಗ್ಗ ಅಂತ ಯಾರೂ ನಂಬಲ್ಲ.

ಟಾರ್ಪಾಲ್ ಮಾತ್ರ ನಿಧಾನವಾಗಿ ಮಾಡಬೇಕು. ಟಿಶ್ಯೂ ಪೇಪರ್ ಪದರ ಬಿಡಿಸಿ, ನೀರು ಬೆರೆಸಿದ ಬಿಳಿ ಅಂಟಿನಲ್ಲಿ ನೆನೆಸಿ, ಟ್ಯಾಂಕಿನ ಮೇಲೆ ಹೊದಿಸೋದು. ಒದ್ದೆ ಇರುವಾಗ ಹಲ್ಲುಕಡ್ಡಿಯಲ್ಲಿ ಮಡಿಕೆ ತಿದ್ದಬೇಕು. ಟರೆಟ್ ಬಿಚ್ಚಿದ ಕಡೆ ದೊಡ್ಡ ದುಂಡು ತೂತು ಇರುತ್ತೆ. ಅಲ್ಲಿ ಬಟ್ಟೆ ಸ್ವಲ್ಪ ತಗ್ಗಾಗಿ ಜೋತುಬೀಳಬೇಕು, ಆದರೆ ಒಳಗೆ ಬಿದ್ದುಹೋಗಬಾರದು. ಹಿಂದುಗಡೆ ಎಂ5ರ ಎಂಜಿನ್ ಮೇಲಿನ ಭಾಗ ಮೆಟ್ಟಿಲಿನ ಹಾಗೆ ಎದ್ದಿರುತ್ತೆ, ಒಳಗೆ ಕ್ಯಾಡಿಲ್ಯಾಕ್ ಕಾರಿನ ಎರಡು ವಿ-8 ಎಂಜಿನ್ ಕೂರಿಸಿದ್ದಾರಲ್ಲ, ಅದಕ್ಕೆ. ಆ ಉಬ್ಬು ಬಟ್ಟೆಯ ಕೆಳಗೆ ಗೊತ್ತಾಗಬೇಕು. ಗೊತ್ತಾದರೆ ಮಾತ್ರ ತಿಳಿದವನು ನೋಡಿ 'ಓ, ಸ್ಟುವರ್ಟ್' ಅನ್ನುತ್ತಾನೆ. ಕಟ್ಟಿದ ಹಗ್ಗಕ್ಕೆ ಹೊಲಿಗೆ ದಾರ ಸಾಕು, ಮೊದಲು ಅಂಟು ಸವರಿ ರೋಮ ಕೂರಿಸಿಕೊಳ್ಳಿ.

ಈಗ ಬಣ್ಣ. ಇಲ್ಲೇ ನನಗೆ ಜಗಳ ಇರುವುದು.

ಬಣ್ಣ ಆಲಿವ್ ಡ್ರ್ಯಾಬ್. ಅಮೆರಿಕದ ಸೇನೆಯ ಬಣ್ಣ, ಅದರ ಮೂಲ ಹಳದಿ ಓಕರ್ ಮತ್ತು ಕಪ್ಪು. ಹಸಿರು ಕಾಣುತ್ತೆ, ಹಸಿರು ಪುಡಿ ಬೇಕಾಗೇ ಇಲ್ಲ. ತಮಿಯಾದ ಎಕ್ಸ್‌ಎಫ್-62 ಬಾಟಲಿ ಸಿಕ್ಕರೆ ಸರಿ, ಇಲ್ಲದಿದ್ದರೆ ಹಳದಿ ಓಕರ್‌ಗೆ ಕಪ್ಪು ಸೇರಿಸುತ್ತಾ ಹೋಗಿ. ದೇಶಕ್ಕೆಲ್ಲ ಚುನಾವಣೆ ಶಾಯಿ ಮಾಡಿಕೊಡುವ ಊರಲ್ಲಿ ಕೂತುಕೊಂಡು ಒಂದು ಬಾಟಲಿ ಬಣ್ಣಕ್ಕಾಗಿ ಕೊರಿಯರ್ ಹುಡುಗನ ದಾರಿ ಕಾಯೋದು ನನಗಂತೂ ಸರಿ ಕಾಣಲ್ಲ. ಆದರೆ ಅಡಿಗೆ ಪ್ರೈಮರ್ ಬೇಕೇ ಬೇಕು. ಕ್ರಾಫ್ಟ್ ಅಂಗಡಿಯ ಅಕ್ರಿಲಿಕ್ ಬರೀ ಪ್ಲಾಸ್ಟಿಕ್ ಮೇಲೆ ನಿಲ್ಲಲ್ಲ, ಉಗುರು ತಗುಲಿದರೆ ಸಿಪ್ಪೆ ಬರುತ್ತೆ. ಹಾರ್ಡ್‌ವೇರ್ ಅಂಗಡಿಯ ಗ್ರೇ ಪ್ರೈಮರ್ ಸ್ಪ್ರೇ ಸಾಕು. ದೂರದಿಂದ, ತೆಳುವಾಗಿ ಹೊಡೆಯಿರಿ. ಜಿಟಿಜಿಟಿ ಮಳೆ ದಿನ ಕೊನೆಯ ಲ್ಯಾಕರ್ ಹೊಡೆಯಬೇಡಿ, ಗಾಳಿಯ ತೇವಕ್ಕೆ ಬೆಳ್ಳಗೆ ಮಂಜು ಕಟ್ಟುತ್ತೆ. ಮತ್ತೆ, ಡಬ್ಬದ ಬಣ್ಣವನ್ನು ಹಾಗೇ ಹಾಕಿದರೆ ಚಿಕ್ಕ ಮಾಡೆಲ್ ಮೇಲೆ ತೀರಾ ಕಪ್ಪು ಕಾಣುತ್ತೆ. ಸ್ವಲ್ಪ ತಿಳಿ ಮಾಡಿಕೊಳ್ಳಿ.

ಜಗಳ ಏನಂದ್ರೆ, ತುಕ್ಕು. ನಮ್ಮವರಿಗೆ ತುಕ್ಕು ಅಂದರೆ ಪ್ರಾಣ. ಓಡಾಡುವ ಟ್ಯಾಂಕನ್ನು ಗುಜರಿ ಅಂಗಡಿಯ ಹಿಂದೆ ಇಪ್ಪತ್ತು ವರ್ಷ ಬಿದ್ದಿದ್ದ ಹಾಗೆ ಮಾಡಿ 'ರಿಯಲಿಸ್ಟಿಕ್' ಅನ್ನುತ್ತಾರೆ. ಸೈನ್ಯದ ಗಾಡಿ ಕಣ್ರೀ ಅದು. ಬಿಡುವಿದ್ದಾಗಲೆಲ್ಲ ಸಿಬ್ಬಂದಿ ಗ್ರೀಸ್ ಹಾಕುತ್ತಾರೆ, ಬಣ್ಣ ತೇಪೆ ಹಚ್ಚುತ್ತಾರೆ. ಅದರಲ್ಲೂ ನನ್ನ ಕಿಟ್‌ನಲ್ಲಿ ಬಂದದ್ದು ರಬ್ಬರ್ ಪ್ಯಾಡಿನ ಟ್ರ್ಯಾಕ್. ರಬ್ಬರ್ ಎಲ್ಲಾದರೂ ತುಕ್ಕು ಹಿಡಿಯುತ್ತಾ? ಅದಕ್ಕೆ ಧೂಳು ಹಿಡಿದ ಕಡು ಬೂದು. ಎರಡು ಪ್ಯಾಡ್ ಸೇರಿಸುವ ತುದಿಯ ಕೊಂಡಿಗಳು ಮಾತ್ರ ಉಕ್ಕು, ಅವುಗಳಿಗೆ ಪೆನ್ಸಿಲ್ ಲೆಡ್ಡಿನ ಪುಡಿಯನ್ನು ಬೆರಳಲ್ಲಿ ಉಜ್ಜಿದರೆ ಉಜ್ಜಿ ಸವೆದ ಹೊಳಪು ಬರುತ್ತೆ. ಉಜ್ಜಾಡುವ ಕಡೆ ಹೊಳಪು, ಕಾಲು ಇಡುವ ಕಡೆ ಸವೆತ, ಬೆಂಕಿ ಕಾಣುವ ಸೈಲೆನ್ಸರ್‌ಗೆ ತುಕ್ಕು. ಇಷ್ಟು ಗೊತ್ತಿದ್ದರೆ ಸಾಕು.

ಮಣ್ಣಿನ ವಿಷಯವೂ ಅಷ್ಟೇ. ಯೂಟ್ಯೂಬ್‌ನಲ್ಲಿ ರಷ್ಯಾದ ಕೆಸರು ನೋಡಿ ಅದನ್ನೇ ಎಲ್ಲ ಟ್ಯಾಂಕಿಗೂ ಬಳಿಯುತ್ತಾರೆ. ಇನ್ನು ಕೆಲವರು ನಮ್ಮ ಹಿತ್ತಿಲ ಕೆಮ್ಮಣ್ಣನ್ನೇ ಟೀ ಜಾಲರಿಯಲ್ಲಿ ಸೋಸಿ ಹಾಕುತ್ತಾರೆ. (ಜಾಲರಿ ಬೇರೆ ಇಟ್ಟುಕೊಳ್ಳಿ, ಮನೆಯಲ್ಲಿ ನೆಮ್ಮದಿ ಇರುತ್ತೆ.) ಜೋಜಿಲಾ ದಾರಿಗೆ ಚಾಮುಂಡಿ ಬೆಟ್ಟದ ಕೆಂಪು ಎಲ್ಲಿಂದ ಬರಬೇಕು? ಅಲ್ಲಿರುವುದು ಕಲ್ಲು ಪುಡಿಯ ಬೂದು ಧೂಳು, ಆಗಷ್ಟೇ ಕಡಿದ ದಾರಿ ಬೇರೆ. ಬೂದು ಪಿಗ್ಮೆಂಟ್‌ಗೆ (ಬಣ್ಣದ ಪುಡಿಗೆ) ಸ್ವಲ್ಪ ಕಂದು ಬೆರೆಸಿ ಕೆಳಗಿನ ಚಕ್ರಗಳ ಹತ್ತಿರ ಜಾಸ್ತಿ, ಮೇಲಕ್ಕೆ ಹೋದ ಹಾಗೆ ಕಡಿಮೆ. ಟಾರ್ಪಾಲ್ ಮಡಿಕೆಯಲ್ಲಿ ಧೂಳು ಕೂರುತ್ತೆ, ಉಬ್ಬಿನ ಮೇಲೆ ನಿಲ್ಲಲ್ಲ. ಹಿಮ ತೋರಿಸಬೇಕು ಅಂದರೆ ಅಡುಗೆ ಸೋಡಾ ಹಾಕಬೇಡಿ, ದಿನ ಹೋದ ಹಾಗೆ ಹಳದಿ ತಿರುಗುತ್ತೆ. ಮಾಡೆಲ್‌ಗೆ ಅಂತಲೇ ಬರುವ ಗಾಜಿನ ಸಣ್ಣ ಪುಡಿ ಸಿಗುತ್ತೆ, ಅದು ಬಿಳಿಯಾಗೇ ಉಳಿಯುತ್ತೆ. ಹಾಕುವಾಗ ಮಾಸ್ಕ್ ಮರೆಯಬೇಡಿ.

ಮುಗಿದ ಮೇಲೆ ಮಂಡ್ಯದಿಂದ ಬಂದಿದ್ದ ನಮ್ಮ ಸೋದರತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

'ಇದೇನೋ ಇದು, ಆಲೆಮನೆಗೆ ಹೋಗೋ ಟ್ರೇಲರ್ ಇದ್ದಂಗೈತೆ?'

'ಟ್ಯಾಂಕ್ ಅತ್ತೆ. ಯುದ್ಧದ್ದು.'

'ಎಲ್ಲಪ್ಪಾ ಗನ್ನು?'

'ಬಿಚ್ಚಿಟ್ಟಿದ್ದಾರೆ. ಯಾರಿಗೂ ಗೊತ್ತಾಗಬಾರದು ಅಂತ.'

'ಹಂಗಾದ್ರೆ ಸರಿಯಾಗೇ ಮಾಡಿದ್ದೀಯ ಬಿಡು. ನಂಗಂತೂ ಗೊತ್ತಾಗ್ಲಿಲ್ಲ.'

ಇದಕ್ಕಿಂತ ಒಳ್ಳೆ ಸರ್ಟಿಫಿಕೇಟ್ ಯಾವ ಸ್ಪರ್ಧೆಯ ಜಡ್ಜ್ ಕೊಡೋಕಾಗುತ್ತೆ? ಆಮೇಲೆ ಅವರು ಕೂತು ತಿಮ್ಮಯ್ಯನವರ ಕಥೆ ಪೂರ್ತಿ ಕೇಳಿದರು. ಟೈಗರ್ ತೋರಿಸಿದ್ದರೆ 'ಚೆನ್ನಾಗಿದೆ' ಅಂದು ಕಾಫಿಗೆ ಎದ್ದು ಹೋಗುತ್ತಿದ್ದರು.

ದಸರಾದಲ್ಲಿ ಬೊಂಬೆ ಕೂರಿಸುವ ಮನೆಯವರಿಗೆ ಇನ್ನೊಂದು ಮಾತು. ರಾಗಿ ಚೆಲ್ಲಿ ಹುಲ್ಲು ಬೆಳೆಸಿ, ಕನ್ನಡಿ ಇಟ್ಟು ಕೊಳ ಮಾಡಿ, ಮಣ್ಣಿನ ಗುಡ್ಡ ಕಟ್ಟುವ ಕೈಗಳು ನಮ್ಮವು. ಇವತ್ತು ಮಾಡೆಲ್ ಮಾಡುವವರು ಡಯೋರಾಮ ಅಂತ ಕರೆಯೋದನ್ನು ನಮ್ಮ ಅಜ್ಜಿಯಂದಿರು ಪಟ್ಟದ ಬೊಂಬೆಯ ಪಕ್ಕದಲ್ಲೇ ಮಾಡಿದ್ದಾರೆ. ಕ್ರಿಕೆಟ್ ಮೈದಾನ, ಝೂ, ಜಂಬೂಸವಾರಿ ಎಲ್ಲ ಮಾಡಾಯ್ತು. ಈ ಸಲ ಒಂದು ಜೋಜಿಲಾ ಮಾಡಿ ನೋಡಿ. ದಾರಿ ಕಡಿಯುವ ಸ್ಯಾಪರ್‌ಗಳನ್ನು ಮರೆಯಬೇಡಿ. 'ದೇವರ ಮುಂದೆ ಯುದ್ಧ ಯಾಕೆ' ಅಂತ ಯಾರಾದರೂ ಕೇಳಬಹುದು. ಮಹಿಷಾಸುರನ ಎದೆಗೆ ತ್ರಿಶೂಲ ಚುಚ್ಚಿರುವ ಬೊಂಬೆ ಮೇಲಿನ ಮೆಟ್ಟಿಲಲ್ಲೇ ಇರುತ್ತಲ್ಲ, ಸುಮ್ನೆ ಅದರ ಕಡೆ ಕೈ ತೋರಿಸಿ.

ಮುಂದಿನದು ಗರೀಬ್‌ಪುರದ ಪಿಟಿ-76. ನೀರಲ್ಲೂ ತೇಲುವ ಟ್ಯಾಂಕ್ ಅದು, ಮೈ ದೋಣಿಯ ಆಕಾರ, ಹಿಂದೆ ನೀರು ಚಿಮ್ಮಿಸುವ ಎರಡು ತೂತು. ಕಿಟ್ ಬಂದಿದೆ, ಇನ್ನೂ ಡಬ್ಬ ಒಡೆದಿಲ್ಲ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಯಾರಾದರೂ 1971ರಲ್ಲಿ ಪೂರ್ವ ಗಡಿಯಲ್ಲಿ ಇದ್ದವರಿದ್ದರೆ ದಯವಿಟ್ಟು ಅವರನ್ನು ಕೂರಿಸಿಕೊಂಡು ಕೇಳಿ. ನವೆಂಬರ್‌ನಲ್ಲಿ ಅಲ್ಲಿನ ಗದ್ದೆ ಮಣ್ಣು ಒಣಗಿತ್ತಾ ಇಲ್ಲ ಒದ್ದೆ ಇತ್ತಾ, ಬಣ್ಣ ಎಂಥದ್ದು, ಟ್ಯಾಂಕ್ ಮೇಲೆ ಸೊಪ್ಪು ಕಟ್ಟುತ್ತಿದ್ದರೆ ಯಾವ ಗಿಡದ್ದು. ಹಳೆ ಫೋಟೊ ಇದ್ದರೆ ಇನ್‌ಬಾಕ್ಸ್ ಮಾಡಿ. ಕಪ್ಪು ಬಿಳುಪು ಆದರೂ ಪರವಾಗಿಲ್ಲ.