ಈ ಬೂದು ಬೇರೆ, ಆ ಬೂದು ಬೇರೆ

ಬೂದು ಬಣ್ಣಕ್ಕೆಲ್ಲ ಯಾರಾದರೂ ಮನೆಯಲ್ಲಿ ಜಗಳ ಆಡುತ್ತಾರಾ ಅಂತ ಕೇಳುವವರ ಮನೆಯಲ್ಲಿ ಲೆಗೋ, ಅಂದರೆ ಒಂದರ ಮೇಲೊಂದು ಕೂರಿಸಿ ಕಟ್ಟುವ ಆಟದ ಇಟ್ಟಿಗೆ, ಇರುವುದಿಲ್ಲ. ಇದ್ದರೂ ಒಂದೇ ಕಾಲದ್ದು ಇರುತ್ತದೆ. ನಮ್ಮಲ್ಲಿ ಎರಡು ಕಾಲದ್ದು ಇದೆ. ಹಳೇದು 1990ರ ದಶಕದಲ್ಲಿ ಅಮೆರಿಕದ ಚಿಕ್ಕಪ್ಪ ನನಗೂ ನನ್ನ ತಮ್ಮನಿಗೂ ತಂದುಕೊಟ್ಟದ್ದು. ಹೊಸದು ನನ್ನ ಮಗನ ಹುಟ್ಟುಹಬ್ಬಗಳಿಗೆ ಬಂದದ್ದು.

ತಂದುಕೊಟ್ಟದ್ದು ಅಂದರೆ ನಮ್ಮ ಕೈಗೆ ಸಿಕ್ಕಿತು ಅಂತ ತಿಳಿಯಬೇಡಿ. ಫಾರಿನ್ ಆಟದ ಸಾಮಾನು ಆಗ ಮಕ್ಕಳ ಕೈಗೆ ಬರುತ್ತಿರಲಿಲ್ಲ, ಸೀದಾ ಶೋಕೇಸಿಗೆ ಹೋಗುತ್ತಿತ್ತು. ಚಿಕ್ಕಪ್ಪ ಚಾಪೆ ಮೇಲೆ ಕೂತು ಅರ್ಧ ಕೋಟೆ ಕಟ್ಟಿ ತೋರಿಸಿದರು. ಅಮ್ಮ ಅದನ್ನು ಹಾಗೇ ಎತ್ತಿ, ಶೋಕೇಸಿನಲ್ಲಿ ಪ್ಲಾಸ್ಟಿಕ್ ತಾಜಮಹಲಿನ ಪಕ್ಕ ಇಟ್ಟರು. ಬಂದವರಿಗೆಲ್ಲ "ನಮ್ಮ ಮೈದುನ ತಂದಿದ್ದು" ಅಂತ ತೋರಿಸುವುದು. ಅವರು ಹೋದ ಮೇಲೆ ಬೀಗ. ಉಳಿದ ಇಟ್ಟಿಗೆಗಳು ಬಿಸ್ಕತ್ತಿನ ಡಬ್ಬಿ ಸೇರಿ ಅಟ್ಟ ಹತ್ತಿದವು.

ಶೋಕೇಸಿನ ಎದುರಿಗೇ ಪಶ್ಚಿಮದ ಕಿಟಕಿ. ಆ ಕಿಟಕಿಯ ಕಿತಾಪತಿ ಗೊತ್ತಾಗಿದ್ದು ಕಳೆದ ಬೇಸಿಗೆ ರಜೆಯಲ್ಲಿ, ಅಮ್ಮ ದೊಡ್ಡ ಮನಸ್ಸು ಮಾಡಿ ಕೋಟೆಯನ್ನೂ ಡಬ್ಬಿಯನ್ನೂ ಮೊಮ್ಮಗನಿಗೆ ಕೊಟ್ಟಾಗ. ನನಗೆ ಮುಟ್ಟಲು ಬಿಡದ ಕೋಟೆಯನ್ನು ಅವನು ಅರ್ಧ ಗಂಟೆಯಲ್ಲಿ ಬಿಚ್ಚಿಹಾಕಿದ. ಒಂದು ಇಟ್ಟಿಗೆ ಕೈಗೆ ತೆಗೆದುಕೊಂಡು ನೋಡಿದೆ. ಕಿಟಕಿ ಕಡೆಗಿದ್ದ ಮೈ ಹಾಲು ಕಮ್ಮಿ ಹಾಕಿದ ಟೀ ಬಣ್ಣ. ಪಕ್ಕದ ಇಟ್ಟಿಗೆಗೆ ಅಂಟಿಕೊಂಡಿದ್ದ ಮೈ ಅಚ್ಚ ಬೂದು. ಮೇಲೆ ಕೂತಿದ್ದ ಇಟ್ಟಿಗೆಯ ಅಡಿ ಮುಚ್ಚಿಹೋಗಿದ್ದ ಗುಬುಟುಗಳು ಮೊನ್ನೆ ಮೊನ್ನೆ ಅಂಗಡಿಯಿಂದ ತಂದ ಹಾಗೆ ಫಳಫಳ. ಇನ್ನೊಂದರ ಮೇಲೆ ನೆಟ್ಟಗೆ ಒಂದು ಬೂದು ಗೆರೆ. ಅಲ್ಲಿ ಬಾವುಟದ ಕಂಬ ಇತ್ತು, ಅಷ್ಟು ವರ್ಷ ಅಷ್ಟು ಜಾಗಕ್ಕೆ ಮಾತ್ರ ನೆರಳು ಕೊಟ್ಟಿತ್ತು.

ಲೆಗೋ ಇಟ್ಟಿಗೆ 1963ರಿಂದ ಎಬಿಎಸ್ ಅನ್ನುವ ಪ್ಲಾಸ್ಟಿಕ್ಕಿನದು. ಅದರಲ್ಲಿ ಬ್ಯುಟಡೈಯೀನ್ ಅಂತ ರಬ್ಬರಿನ ಅಂಶ ಒಂದಿದೆ. ಬಿದ್ದರೂ ಒಡೆಯದ ಗಟ್ಟಿತನ ಕೊಡುವುದು ಅದೇ, ಬಿಸಿಲಿನ ನೇರಳಾತೀತ ಕಿರಣಕ್ಕೆ ಮೊದಲು ಸೋಲುವುದೂ ಅದೇ. ಗಾಳಿಯ ಆಮ್ಲಜನಕದ ಜೊತೆ ಸೇರಿ ಹಳದಿಗೆ ತಿರುಗುತ್ತದೆ. ಹಳೇ ಕಂಪ್ಯೂಟರಿನ ಡಬ್ಬಿಗಳು ಹಳದಿ ಆಗಿದ್ದನ್ನು ನೋಡಿದ್ದೀರಲ್ಲ, ಅಲ್ಲೂ ಇದೇ ಕಥೆ.

ಸರಿ, ಹಳದಿ ಆಗಿದ್ದನ್ನು ಬಿಟ್ಟು, ಡಬ್ಬಿಯೊಳಗೆ ಕತ್ತಲಲ್ಲಿ ಸುಖವಾಗಿದ್ದ ಹಳೇ ಬೂದು ಇಟ್ಟಿಗೆಗಳಿಗೆ ಹೊಸ ಬೂದು ಸೇರಿಸಿ ಚಿತ್ರದುರ್ಗದ ಕೋಟೆ ಕಟ್ಟುವುದು ಅಂತ ತೀರ್ಮಾನ ಆಯಿತು. ಏಳು ಸುತ್ತು ಕಷ್ಟ, ಎರಡು ಸುತ್ತಿಗೆ ಮಗ ಒಪ್ಪಿದ. ಓಬವ್ವನ ಕಿಂಡಿ ಮಾತ್ರ ಇರಲೇಬೇಕು. ಓಬವ್ವನ ಪಾತ್ರಕ್ಕೆ ಉದ್ದ ಕೂದಲಿನ ಒಬ್ಬ ಗಗನಯಾತ್ರಿ ಸಿಕ್ಕಳು, ಒನಕೆಗೆ ಸೈನಿಕನೊಬ್ಬನ ಈಟಿ. ಗೋಡೆ ಮೇಲೆ ಬಂತು. ರಾತ್ರಿ ಮಲಗುವಾಗ ಚೆನ್ನಾಗಿಯೇ ಇತ್ತು.

ಬೆಳಿಗ್ಗೆ ಮಗ ಎಬ್ಬಿಸಿದ. "ಅಮ್ಮಾ, ಕೋಟೆಗೆ ಏನೋ ಆಗಿದೆ. ತೇಪೆ ತೇಪೆ."

ನಿಜ. ಡಬ್ಬಿಯ ಬೂದು ಬೇರೆ, ಹೊಸ ಬೂದು ಬೇರೆ. ಇದರಲ್ಲಿ ಬಿಸಿಲಿನ ಪಾತ್ರ ಏನೂ ಇಲ್ಲ. 2004ರ ಸುಮಾರಿಗೆ ಲೆಗೋ ತನ್ನ ತಿಳಿ ಬೂದು, ಕಡು ಬೂದು, ಕಂದು ಮೂರನ್ನೂ ಬದಲಿಸಿತ್ತು. ಹಳೇ ಬೂದಿನಲ್ಲಿ ಕೊಂಚ ಹಳದಿ ಛಾಯೆ, ಹೊಸದರಲ್ಲಿ ಕೊಂಚ ನೀಲಿ. ಕಂದು ಕೆಂಪಿನ ಕಡೆಗೆ ವಾಲಿತು. ಜಗತ್ತಿನ ದೊಡ್ಡ ವಯಸ್ಸಿನ ಲೆಗೋ ಪ್ರಿಯರು ಆಗ ಎಬ್ಬಿಸಿದ ಗಲಾಟೆ ಅಷ್ಟಿಷ್ಟಲ್ಲ. ಹೊಸ ಬೂದಿಗೆ ಬ್ಲೂ, ಗ್ರೇ ಎರಡನ್ನೂ ಬೆರೆಸಿ 'ಬ್ಲೇ' ಅಂತ ಅಡ್ಡಹೆಸರಿಟ್ಟರು, ಕೆಲವರು ಇವತ್ತಿಗೂ ಹಾಗೇ ಕರೆಯುತ್ತಾರೆ. ಗಡ್ಡ ಬಂದ ಗಂಡಸರು ಬೂದಿಗೆ ಕಣ್ಣೀರು ಹಾಕುವುದಾ ಅಂತ ನಾನೂ ನಗುತ್ತಿದ್ದೆನೇನೋ, ನಮ್ಮ ಹಾಲಿನಲ್ಲಿ ಆ ತೇಪೆ ಕೋಟೆ ಕೂತಿರದಿದ್ದರೆ.

ತಮಾಷೆ ಏನು ಗೊತ್ತಾ? 1958ರ ಇಟ್ಟಿಗೆ ಇವತ್ತಿನ ಇಟ್ಟಿಗೆಗೆ ಟಕ್ ಅಂತ ಕೂರುತ್ತದೆ. ಅಳತೆಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಕಣ್ಣು ಮುಚ್ಚಿಕೊಂಡು ಕಟ್ಟಿದರೆ ಯಾವ ತೊಂದರೆಯೂ ಇಲ್ಲ. ಎಂಟು ಗುಬುಟಿನ ಆರು ಇಟ್ಟಿಗೆಗಳನ್ನು 91,51,03,765 ರೀತಿಯಲ್ಲಿ ಜೋಡಿಸಬಹುದು ಅಂತ ಕೋಪನ್‌ಹೇಗನ್‌ನ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ಹಾಕಿದ್ದಾರೆ. ಆ ಲೆಕ್ಕಕ್ಕೆ ಒಂದು ಷರತ್ತಿದೆ, ಆರೂ ಒಂದೇ ಬಣ್ಣದವಾಗಿರಬೇಕು. ಹಿಂದೆ ನನಗದು ಸುಮ್ನೆ ಗಣಿತದವರ ಹಟ ಅನಿಸಿತ್ತು.

ನನ್ನ ಗಂಡನಿಗೆ ಮೊದಲು ಏನೂ ಕಾಣಲೇ ಇಲ್ಲ. "ಎರಡೂ ಗ್ರೇ ತಾನೇ?" ಅಂದರು. ಮಗ ಎರಡು ಇಟ್ಟಿಗೆ ಪಕ್ಕಪಕ್ಕ ಹಿಡಿದ. ಆಮೇಲೆ ಬಿಡಿ, ಅವರಿಗೆ ಮನೆಯಲ್ಲಿ ಬೇರೆ ಏನೂ ಕಾಣದಂತಾಯಿತು. ಹೋದ ವರ್ಷ ತೇವ ಬಂದ ಗೋಡೆಗೆ ಅದೇ ಕಂಪನಿಯ ಅದೇ ನಂಬರಿನ ಬಣ್ಣ ತಂದು ಹೊಡೆಸಿದ್ದರು. ಅದರ ಮುಂದೆ ಟೀ ಲೋಟ ಹಿಡಿದು ನಿಂತರು. "ಇಲ್ಲಿ ನೋಡು, ಇಲ್ಲಿಂದ ಇಲ್ಲಿವರೆಗೆ." ಮಗನ ಯೂನಿಫಾರ್ಮ್ ಪ್ಯಾಂಟುಗಳು ಹೊರಗೆ ಬಂದವು. ಜೂನ್‌ನಲ್ಲಿ ಹೊಲಿಸಿದ್ದು ಒಂದು ಬೂದು, ದೀಪಾವಳಿ ಆದಮೇಲೆ ಕೊಂಡದ್ದು ಇನ್ನೊಂದು. ಯಾವುದು ಹಾಕಿಕೊಂಡರೆ ನಿಜವಾದ ಯೂನಿಫಾರ್ಮ್ ಅಂತ ಮಗ ಕೇಳಿದ. ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಇಷ್ಟಾದರೂ ಹಳದಿಯಾದವನ್ನು ಸರಿಮಾಡಬಹುದು ಅನ್ನುವ ಆಸೆ ನನಗೆ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಹಳದಿ ಹೋಗುತ್ತದೆ. ಯಾವ ಬಿಸಿಲು ಕೆಡಿಸಿತೋ ಅದೇ ಬಿಸಿಲು ಬೇಕು, ನೋಡಿ. ಮೆಡಿಕಲ್ ಶಾಪಿಗೆ ಹೋದೆ.

"ಎಷ್ಟು ಬಾಟಲ್ ಮೇಡಂ? ಒಂದು ಸಾಕಲ್ವಾ?"

"ಇರೋದೆಲ್ಲ ಕೊಡಿ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಗಾಯ ಎಲ್ಲಾಗಿದೆ ಮೇಡಂ?"

"ಗಾಯ ಅಲ್ಲ, ಕೋಟೆಗೆ" ಅಂದೆ. ಬೇರೇನೂ ಕೇಳದೆ ಬಿಲ್ ಮಾಡಿದ.

ತಾರಸಿಯ ಮೇಲೆ ಗಾಜಿನ ಪಾತ್ರೆ ಇಟ್ಟು, ಕೈಗವಸು ಹಾಕಿಕೊಂಡು, ಇಟ್ಟಿಗೆಗಳನ್ನು ಮುಳುಗಿಸಿದೆ. ಮುಳುಗಲಿಲ್ಲ. ಮೈಗೆಲ್ಲ ಗುಳ್ಳೆ ಹತ್ತಿಸಿಕೊಂಡು ಒಂದೊಂದಾಗಿ ಮೇಲಕ್ಕೆ ಬಂದವು. ತಟ್ಟೆ ಮುಚ್ಚಿ ಅದರ ಮೇಲೆ ಕುಟ್ಟಾಣಿ ಹೇರಿದೆ. ಪಕ್ಕದಲ್ಲಿ ಕೆಳಗಿನ ಮನೆಯ ಆಂಟಿಯ ಸಂಡಿಗೆ ಒಣಗುತ್ತಿತ್ತು. ಅವರು ಬಗ್ಗಿ ನೋಡಿ, "ಅಚ್ಚು ಚೆನ್ನಾಗಿದೆ ಕಣಮ್ಮ, ಸಬ್ಬಕ್ಕಿದಾ?" ಅಂದರು. ಅಷ್ಟರಲ್ಲಿ ಕೆಳಗಿನಿಂದ ಅತ್ತೆಯ ಧ್ವನಿ: ಶುಂಠಿ ಜಜ್ಜಬೇಕು, ಕುಟ್ಟಾಣಿ ಎಲ್ಲಿ?

ಸಂಜೆಗೆ ಹಳದಿ ಹೋಗಿತ್ತು. ಬಿಳಿಯವಂತೂ ಹಲ್ಲುಜ್ಜಿಸಿಕೊಂಡು ಬಂದಿದ್ದವು. ಆದರೆ ಬೂದು ಇಟ್ಟಿಗೆ ಏನಾಗಿತ್ತು? ಹಳೇ ಬೂದೇ ಆಗಿತ್ತು. ಹೊಸ ಬೂದು ಆಗಲು ಅದಕ್ಕೇನು ಗ್ರಹಚಾರ. ಕೆಲವದರಲ್ಲಿ ಗುಳ್ಳೆ ಕೂತ ಕಡೆ ಮೋಡ ಕವಿದ ಕಲೆ ಬೇರೆ. ಹಾಗಾಗಿ ಈಗ ಮನೆಯಲ್ಲಿ ಹೊಸ ಬೂದು, ಡಬ್ಬಿಯ ಬೂದು, ತೊಳೆದ ಬೂದು ಅಂತ ಮೂರು ಪಂಗಡ.

ಬೇರ್ಪಡಿಸುವ ಕೆಲಸಕ್ಕೆ ಕೂತೆವು. ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಅಣ್ಣತಮ್ಮಂದಿರು. ಶುಂಠಿ ಕಾಫಿ ಕುಡಿಯುತ್ತಾ ನೋಡುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ದೀಪದ ಕೆಳಗೆ ಬಣ್ಣ ನೋಡ್ತಾರೇನೇ? ನಾಳೆ ಬೆಳಿಗ್ಗೆ ಬಾಗಿಲ ಹತ್ತಿರ ತಾ." ಒಂದು ಬೆಳಕಿನಲ್ಲಿ ಒಂದೇ ಆಗಿ ಕಾಣುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆ ಕಾಣುವುದಕ್ಕೆ ವಿಜ್ಞಾನದವರು ಮೆಟಮೆರಿಸಂ ಅನ್ನುತ್ತಾರೆ. ಮ್ಯಾಚಿಂಗ್ ಸೆಂಟರಿನವರು "ಹೊರಗೆ ಬಂದು ನೋಡಿ ಮೇಡಂ" ಅನ್ನುತ್ತಾರೆ. ಬ್ಲೌಸ್ ಪೀಸಿಗಾಗಿ ಜೀವಮಾನವಿಡೀ ಅಂಗಡಿ ಬಾಗಿಲಲ್ಲಿ ನಿಂತ ಅನುಭವ ಅತ್ತೆಯದು. ಮಾರನೇ ದಿನ ಹೊಸಿಲ ಬಳಿ ಮಣೆ ಹಾಕಿಕೊಂಡು, ಅಕ್ಕಿ ಆರಿಸುವ ಮೊರದಲ್ಲಿ ಇಟ್ಟಿಗೆ ಸುರಿದುಕೊಂಡು, ತಿಂಡಿ ಆಗುವಷ್ಟರಲ್ಲಿ ಗುಡ್ಡೆ ಮಾಡಿಬಿಟ್ಟರು. ಮೂರಲ್ಲ, ನಾಲ್ಕು ಗುಡ್ಡೆ.

"ಇದು ಯಾವುದು?"

"ಇದು ನಮ್ಮದಲ್ಲ" ಅಂದರು. ಮಗ ತಿರುಗಿಸಿ ನೋಡಿದ. ಗುಬುಟಿನ ಮೇಲೆ ಲೆಗೋ ಅಂತ ಅಕ್ಷರ ಇರಲಿಲ್ಲ. ಯಾರದೋ ಬರ್ತ್‌ಡೇ ಪಾರ್ಟಿಯ ರಿಟರ್ನ್ ಗಿಫ್ಟ್.

ಕೋಟೆ ಮತ್ತೆ ಎದ್ದಿತು. ಹೊರಸುತ್ತು ಹೊಸ ಬೂದು, ಒಳಸುತ್ತು ಹಳೇ ಬೂದು, ತೊಳೆದದ್ದು ಬಂಡೆಗಳಿಗೆ. ಮೋಡದ ಕಲೆ ಬಂಡೆಗೆ ಒಪ್ಪಿತು ಅಂತಲೇ ಹೇಳಬೇಕು. ಕೊನೆಗೆ ಹೆಬ್ಬಾಗಿಲಿಗೆ ಒಂದು ಕಂದು ಇಟ್ಟಿಗೆ ಕಮ್ಮಿ ಬಂತು. ಸೋಫಾ ಎತ್ತಿದೆವು, ಮಂಚ ಸರಿಸಿದೆವು, ಕಸದ ಬುಟ್ಟಿ ಕೂಡ ಜಾಲಾಡಿದೆವು. ಸಿಕ್ಕಿದ್ದು ಅತ್ತೆಯ ಪರ್ಸಿನಲ್ಲಿ.

"ಸೀರೆಗೆ ಫಾಲ್ಸ್ ತರೋಕೆ ಒಯ್ದಿದ್ದೆ. ಅಷ್ಟು ಭಾರದ ಸೀರೆ ಯಾರು ಹೊತ್ಕೊಂಡು ಹೋಗ್ತಾರೆ?" ಅಂದರು. ಮೊಮ್ಮಗ ಇಟ್ಟಿಗೆ ಕಿತ್ತುಕೊಂಡು ಓಡುವಾಗ ಹಿಂದಿನಿಂದ ಕೂಗಿದರು, "ಅದು ಹಳೇ ಕಂದು ಕಣೋ, ಹೊಸದರ ಪಕ್ಕ ಹಾಕ್ಬೇಡ!"

ಫಾಲ್ಸ್ ಮಾತ್ರ ಸೀರೆಗೆ ಸರಿಯಾಗಿ ಹೊಂದಿತ್ತು.