ಹೋಲಿಕೆಗೆ ಇಟ್ಟ ಊರು

ಯಾದಗಿರಿ ಜಿಲ್ಲೆಯಲ್ಲಿ ಒಂದು ಹಳ್ಳ. ಆಚೆ ದಂಡೆಯ ಊರಿಗೆ ಯೋಜನೆಯೊಂದರಿಂದ ಮನೆಗೆರಡು ಆಡು ಬಂದವು. ಈಚೆ ದಂಡೆಯ ಊರಿಗೆ ನಾನು ಬಂದೆ, ಕೈಯಲ್ಲಿ ಸಮೀಕ್ಷೆಯ ಟ್ಯಾಬ್ ಹಿಡಕೊಂಡು.

“ಆಡು ಎಲ್ಲವಪ್ಪಾ?” ಅಂದರು ಕಟ್ಟೆ ಮೇಲಿದ್ದ ಮುತ್ಯಾ.

ನಿಮಗೆ ಆಡಿಲ್ಲ, ಬರೀ ಪ್ರಶ್ನೆ ಅನ್ನಲು ನಾಲಿಗೆ ಏಳಲಿಲ್ಲ. ತರಬೇತಿಯಲ್ಲಿ ಕಲಿಸಿದ್ದನ್ನೇ ಒಪ್ಪಿಸಿದೆ: ಯೋಜನೆಯಿಂದ ಏನು ಬದಲಾಯಿತೆಂದು ತಿಳಿಯಬೇಕಾದರೆ ಯೋಜನೆ ಮುಟ್ಟದ ಊರೊಂದು ಬೇಕು. ಮಿಕ್ಕ ಎಲ್ಲದರಲ್ಲೂ ಅದು ಆಚೆ ಊರಿನ ಹಾಗೆಯೇ ಇರಬೇಕು. ಇದಕ್ಕೆ ಹೋಲಿಕೆ ಗುಂಪು ಅಂತಾರೆ. ನಿಮ್ಮೂರು ಆಯ್ಕೆಯಾಗಿದೆ.

“ಅಂದ್ರ, ಕೊಡದಿದ್ರ ಏನಾಗ್ತದ ಅಂತ ನೋಡಾಕ ನಮ್ಮನ್ನ ಇಟ್ಟೀರಿ.”

ಇಷ್ಟು ಚೊಕ್ಕ ವ್ಯಾಖ್ಯೆ ಎರಡು ದಿನದ ತರಬೇತಿಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ.

“ಇರ್ಲಿ ಬಿಡು, ಇದೇನ್ ನಮಗ ಹೊಸಾದಲ್ಲ.”

ಹೌದಲ್ಲ! 1956ರಲ್ಲಿ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗಿಂದ ನಮ್ಮ ಸೀಮೆಗೆ ಇದೇ ನೌಕರಿ. ಬೆಂಗಳೂರು ಎಷ್ಟು ಮುಂದಿದೆ ಎಂದು ತೋರಿಸಬೇಕಾದಾಗೆಲ್ಲ ಪಕ್ಕದಲ್ಲಿ ನಿಲ್ಲುವುದು. ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ಲೆಕ್ಕ ಕೊಟ್ಟಾಗ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. ಆಮೇಲೆ ಸಂವಿಧಾನದಲ್ಲಿ ನಮಗೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವೆಂದು ಹೆಸರಿನಲ್ಲೇ ಕಲ್ಯಾಣವೂ ಆಯಿತು. ಅದಕ್ಕೆ ಒಂದು ವರ್ಷ ಮೊದಲು ಯಾದಗಿರಿ ಕೇಂದ್ರದ ಹಿಂದುಳಿದ ಜಿಲ್ಲೆಗಳ ಪಟ್ಟಿಯಲ್ಲಿ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಯಾಗಿ 49 ಸೂಚಕಗಳ ತಕ್ಕಡಿ ಏರಿ ಕೂತಿತ್ತು. ಅಲ್ಲಿ ‘ಡೆಲ್ಟಾ’ ಅಂತೊಂದು ಶ್ರೇಯಾಂಕ. ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಏರಿತು ಎಂಬುದೇ ಲೆಕ್ಕ. ಐದು ಅಂಕದವ ಇಪ್ಪತ್ತು ತೆಗೆದರೆ ಪೆಟ್ಟಿಗೆಯಂಗಡಿಯಿಂದ ಪೇಡೆ, ತೊಂಬತ್ತರವ ತೊಂಬತ್ತೊಂದು ತೆಗೆದರೆ ಮಾಸ್ತರರ ಬೈಗುಳ. ತಳದಲ್ಲಿರುವುದೂ ಒಂದು ಆಸ್ತಿ, ಪಹಣಿಯಲ್ಲಿ ಏರಿಸಿಲ್ಲ ಅಷ್ಟೇ.

ನಮ್ಮ ಮೊದಲ ಸುತ್ತಿನ ಸಮೀಕ್ಷೆ ಶ್ರಾವಣದಲ್ಲಿ ನಡೆಯಿತು. ಮನೆ ತುಂಬ ಜನ. ಎರಡನೆಯದು ಫೆಬ್ರವರಿಯಲ್ಲಿ, ಯಾಕೆಂದರೆ ಮಾರ್ಚ್ 31ರೊಳಗೆ ಬಿಲ್ ಪಾಸಾಗಬೇಕು. ಅಷ್ಟೊತ್ತಿಗೆ ತೊಗರಿ ರಾಶಿ ಮುಗಿದು ಎರಡೂ ಊರುಗಳ ಅರ್ಧ ಮಂದಿ ಬೆಂಗಳೂರು, ಪುಣೆ, ಮುಂಬೈ ಕಡೆ ದುಡಿಯಲು ಹೋಗಿದ್ದರು. ಏಳು ಜನರಿದ್ದ ಮನೆಯಲ್ಲಿ ಒಬ್ಬ ಆಯಿ, ಒಂದು ಮೊಮ್ಮಗು. ಕಂಡದ್ದನ್ನು ತುಂಬಿ ಕಳಿಸಿದೆ. ವರದಿಯಲ್ಲಿ ಅದು ‘ಕುಟುಂಬದ ಗಾತ್ರ ಗಣನೀಯವಾಗಿ ಇಳಿದಿದೆ, ಸಣ್ಣ ಕುಟುಂಬದ ಅರಿವು ಮೂಡಿದೆ’ ಎಂದಾಯಿತು.

ಸರ್, ಅವರು ಗುಳೆ ಹೋಗಿದಾರೆ ಎಂದು ನಮ್ಮ ಕಚೇರಿಗೆ ಫೋನ್ ಮಾಡಿದೆ. “ಫಾರ್ಮಿನಲ್ಲಿ ಗುಳೆಗೆ ಕಾಲಂ ಇದೆಯಾ?” ಎಂದರು. ಇರಲಿಲ್ಲ. ನಾವು ಸ್ವತಂತ್ರ ಮೌಲ್ಯಮಾಪಕರಲ್ಲವೇ ಸರ್ ಎಂದೆ. ಆ ಕಡೆಯಿಂದ ನಗು. ನಗುವಂಥದ್ದೇ. ದೆಹಲಿಯಲ್ಲಿ ಸ್ವತಂತ್ರ ಮೌಲ್ಯಮಾಪನ ಕಚೇರಿ ಅಂತಲೇ ಒಂದಿತ್ತು. 1952ರಿಂದ ಇದ್ದ ಹಳೆಯ ಮೌಲ್ಯಮಾಪನ ಸಂಸ್ಥೆಯ ಜೊತೆ ಅದನ್ನೂ ಕೂಡಿಸಿ 2015ರಲ್ಲಿ ನೀತಿ ಆಯೋಗದ ಮಡಿಲಿಗೆ ಹಾಕಿದರು. ಹೊಸ ಬೋರ್ಡ್ ಬರೆಸುವಾಗ ‘ಸ್ವತಂತ್ರ’ ಎಂಬ ಪದಕ್ಕೆ ಜಾಗ ಸಾಲಲಿಲ್ಲ. ಪೇಂಟರ್ ತಪ್ಪಿರಬೇಕು.

ನಿಜವಾದ ಕಂಟಕ ಬಂದದ್ದು ಆಡಿನಿಂದ. ಬ್ಯಾಸಗಿ ಬಿಸಿಲಿಗೆ ಹಳ್ಳ ಬತ್ತಿತು, ಆಚೆ ಊರಿನ ಆಡುಗಳು ದಾಟಿ ಬಂದು ಈಚೆ ಊರಿನ ಜಾಲಿ ಮೇಯತೊಡಗಿದವು. ಒಂದಂತೂ ಮುತ್ಯಾನ ಕಟ್ಟೆ ಹತ್ತಿ ನಿಂತಿತ್ತು. ನಾನು ಫೋಟೋ ಕಳಿಸಿದೆ, ಬೆಂಗಳೂರಿನಲ್ಲಿ ತುರ್ತು ಸಭೆ ಕೂಡಿತು. ಯೋಜನೆ ಹೋಲಿಕೆ ಗುಂಪಿಗೆ ಸೋರಿದೆ, ದತ್ತಾಂಶ ಕೆಟ್ಟಿದೆ, ಕೂಡಲೇ ತಡೆಯಿರಿ ಎಂದು ಸಂದೇಶ ಬಂತು. ಎರಡು ದಿನ ನಾನು ಬಿ.ಇಡಿ. ಪದವೀಧರ, ಕೈಯಲ್ಲಿ ತೊಗರಿ ಕಟ್ಟಿಗೆ ಹಿಡಿದು ಹಳ್ಳದ ದಂಡೆಯಲ್ಲಿ ಆಡು ಅಟ್ಟಿದ್ದೇನೆ. ಸಂಬಳದ ಚೀಟಿಯಲ್ಲಿ ಅದನ್ನು ‘ಗುಣಮಟ್ಟ ನಿಯಂತ್ರಣ’ ಎಂದು ಬರೆದಿದ್ದರು.

ಕೊನೆಯ ಪ್ರಶ್ನೆಗೆ ಕೆಂಪು ಚುಕ್ಕೆ ಇತ್ತು, ಉತ್ತರ ತುಂಬದೆ ಆ್ಯಪ್ ಮುಂದೆ ಹೋಗುವುದಿಲ್ಲ: ‘ಸದರಿ ಯೋಜನೆಯ ಬಗ್ಗೆ ತಮಗೆ ಎಷ್ಟರಮಟ್ಟಿಗೆ ತೃಪ್ತಿ ಇದೆ?’ ಆಚೆ ಊರಿನಲ್ಲಿ ಯಾರೂ ಪೂರ್ಣ ತೃಪ್ತಿ ಎನ್ನಲಿಲ್ಲ. ಆಡು ಬಂದಿತ್ತು, ವಿಮೆ ಬಂದಿರಲಿಲ್ಲ. ಒಂದು ಸತ್ತರೆ ಅದರ ಕಿವಿಗೆ ಹಾಕಿದ ಗುರುತಿನ ಬಿಲ್ಲೆ ಕತ್ತರಿಸಿಕೊಂಡು ತಾಲ್ಲೂಕಿಗೆ ನಾಲ್ಕು ಸಲ ಅಲೆದಾಟ.

ಈಚೆ ಊರಿನಲ್ಲಿ ಮುತ್ಯಾಗೂ ಅದನ್ನೇ ಕೇಳಬೇಕಾಯಿತು. ಆಡೇ ಬಂದಿಲ್ಲವಲ್ಲ, ಏನಂತ ಬರೀಲಿ ಎಂದೆ.

“ಬರಲಿಲ್ಲ, ಚಲೋ ಆತು. ಬಂದಿದ್ರ ಫೋಟೋ ಕೊಡು, ಆಧಾರ್ ಕೊಡು, ಹೆಬ್ಬೆಟ್ಟು ಒತ್ತು ಅಂತ ಕುಣಸ್ತಿದ್ರಿ. ಪೂರ್ಣ ತೃಪ್ತಿ ಅಂತ ಬರ್ಕೊ.”

ಊರೆಲ್ಲ ಅದನ್ನೇ ಹೇಳಿತು. ವರದಿ ಹೋದ ತಿಂಗಳು ಬಂದಿದೆ. ಯೋಜನೆ ತಲುಪದ ಊರಿನಲ್ಲಿ ಜನರ ತೃಪ್ತಿ ಹೆಚ್ಚಿರುವುದರಿಂದ, ಮುಂದಿನ ಹಂತದಲ್ಲಿ ಇನ್ನೂ ನಾಲ್ಕು ಊರುಗಳನ್ನು ಹೋಲಿಕೆ ಗುಂಪಿಗೆ ಸೇರಿಸಬೇಕೆಂದು ಶಿಫಾರಸು ಮಾಡಲಾಗಿದೆ.